ನಮ್ಮಲ್ಲಿ ಆ ಹೆಸರಿನವರು ಯಾರೂ ಇಲ್ಲ

ಏಪ್ರಿಲ್ ೧೪, ೧೮೬೭, ಭಾನುವಾರ

ಮಿಸ್ ವಿಟ್ಕಮ್ ಈ ಖಾಲಿ ಪುಸ್ತಕ ಕೊಟ್ಟು, ಆಗಾಗ ಏನಾದರೂ ಬರೆಯುತ್ತಿರು, ಕೈ ಪಳಗುತ್ತದೆ ಎಂದಿದ್ದಾರೆ. ಏನು ಬರೆಯಲಿ ಎಂದರೆ, ನಿನಗೆ ತೋಚಿದ್ದು, ಬೇರೆ ಯಾರೂ ಓದುವುದಿಲ್ಲ ಎಂದರು. ಹಾಗಾದರೆ ಸರಿ. ನನ್ನ ಮಾತು ಕೇಳುವವರು ಈ ಊರಿನಲ್ಲಿ ಬಹಳ ಜನ ಇದ್ದಾರೆ. ಎದುರು ಮಾತಾಡದೆ ಕೇಳುವುದು ಇದೊಂದೇ.

ಮೊದಲು ಹೆಸರು. ಕೆಜಾಯಾ ಜೋರ್ಡನ್. ನಾನೇ ಆರಿಸಿಕೊಂಡ ಹೆಸರು. ಬೈಬಲಿನಲ್ಲಿ ಕೆಜಾಯಾ ಯೋಬನ ಮಗಳು. ಎಲ್ಲವನ್ನೂ ಕಳೆದುಕೊಂಡ ಮೇಲೆ ದೇವರು ಅವನಿಗೆ ಹೊಸದಾಗಿ ಕೊಟ್ಟ ಮಗಳು. ಜೋರ್ಡನ್ ಅದೇ ಬೈಬಲಿನಲ್ಲಿ ಬಿಡುಗಡೆಯಾದ ನಮ್ಮಂಥವರು ದಾಟಿದ ಹೊಳೆ. ಎರಡು ವರ್ಷದ ಹಿಂದಿನವರೆಗೆ ನನಗೆ ಬೇರೊಂದು ಹೆಸರಿತ್ತು. ಒಡೆಯನ ಹೆಂಡತಿ ತನ್ನ ಸತ್ತ ಕುದುರೆಯ ಹೆಸರನ್ನು ನನಗೆ ಇಟ್ಟಿದ್ದಳು. ಅದನ್ನಾಗಲಿ ಆ ಮನೆತನದ ಹೆಸರನ್ನಾಗಲಿ ಈ ಪುಸ್ತಕದಲ್ಲಿ ಬರೆಯುವುದಿಲ್ಲ.

ತೊರೆಯ ಈ ದಡದಲ್ಲಿ ನಮ್ಮವು ಮೂವತ್ತು ಗುಡಿಸಲು, ಒಂದು ಚರ್ಚು. ವಾರಕ್ಕೆ ಐದು ದಿನ ಚರ್ಚೇ ಶಾಲೆ. ಮಿಸ್ ವಿಟ್ಕಮ್ ದೊಡ್ಡವರಿಗೆ ಕಲಿಸುತ್ತಾರೆ, ನಾನು ಚಿಕ್ಕವರಿಗೆ. ನಾವೆಲ್ಲ ಆರು ಮೈಲಿ ಆಚೆಯ ಒಂದೇ ಹತ್ತಿ ತೋಟದ ಗುಲಾಮರಾಗಿದ್ದವರು. ಯುದ್ಧದ ಕೊನೆಯ ತಿಂಗಳು ತೋಟದ ಮನೆ ಸುಟ್ಟುಹೋಯಿತು. ಒಡೆಯ ಸಂಸಾರ ಕಟ್ಟಿಕೊಂಡು ಎಲ್ಲಿಗೋ ಹೊರಟುಹೋದ. ನಾವು ನಡೆದು ಇಲ್ಲಿಗೆ ಬಂದೆವು. ಅಲ್ಲಿಯದು ಏನೂ ತರಬೇಡಿ ಎಂದು ಸಾರಿ ಸಾರಿ ಹೇಳಿದ್ದೆ. ಆದರೂ ವೈನಿ ಎಂಬ ಅಗಸಗಿತ್ತಿ ಬಟ್ಟೆ ಬೇಯಿಸುವ ಹಂಡೆಯನ್ನು ತಲೆಯ ಮೇಲೆ ಹೊತ್ತು ತಂದಳು. ಹಳೆಯ ಹೆಸರುಗಳನ್ನಂತೂ ಎಲ್ಲರೂ ತಂದಿದ್ದರು.

ಅದಕ್ಕೇ ನಾನೊಂದು ನಿಯಮ ಮಾಡಿದೆ. ಆ ಮನೆಯ ಹೆಸರನ್ನು ಬಾಯಲ್ಲಿ ತಂದವರು ಚರ್ಚಿನ ನೆಲ ಗುಡಿಸಬೇಕು. ಪಾದ್ರಿ ಎಲ್ಬರ್ಟ್ ನಕ್ಕು ಒಪ್ಪಿಕೊಂಡರು. ಇಂದೂ ವೈನಿಯೇ ಗುಡಿಸಿದಳು.

“ಯಾವಾಗ್ಲೂ ನಂಗೇ ಯಾಕಕ್ಕ ಪೊರಕೆ?” ಎಂದಳು.

“ನಿನ್ನ ನಾಲಿಗೇನ ಕೇಳು.”

“ನಾಲಿಗೆ ಹುಟ್ಟಿದ್ದೇ ಆ ಹಟ್ಟೀಲಿ ಕಣಕ್ಕ. ಅದಕ್ಕೆ ಬುದ್ಧಿ ಬರೋ ಹೊತ್ಗೆ ಈ ನೆಲ ಸವೆದು ಗುಂಡಿ ಬಿದ್ದಿರ್ತದೆ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಿಯಮ ಮಾಡಿದವಳು ನಕ್ಕರೆ ನಿಯಮ ನಿಲ್ಲುವುದಿಲ್ಲ.

ಏಪ್ರಿಲ್ ೨೮, ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಪತ್ರಿಕೆಯಲ್ಲಿ ಬಂದ ‘ಕಳೆದುಹೋದವರು’ ಕಾಗದಗಳನ್ನು ಓದಿದೆ. ಪ್ರತಿ ಭಾನುವಾರವೂ ಇದು ನನ್ನ ಕೆಲಸ. ಎಲ್ಲೆಲ್ಲಿಂದಲೋ ಬರೆದಿರುತ್ತಾರೆ. ಗಂಡನನ್ನು ಹುಡುಕುವವರು, ಮೂವತ್ತು ವರ್ಷದ ಹಿಂದೆ ಮಾರಿಹೋದ ತಾಯಿಯನ್ನು ಹುಡುಕುವವರು. ಇಂಥವರ ಆಳಾಗಿದ್ದೆ, ಇಂಥ ವ್ಯಾಪಾರಿಗೆ ಮಾರಿದರು, ಬಲ್ಲವರು ತಿಳಿಸಿ. ನಾನು ಓದುವಾಗ ಮಕ್ಕಳು ಕೂಡ ಅಳುವುದಿಲ್ಲ. ಈ ಎರಡು ವರ್ಷದಲ್ಲಿ ತಮ್ಮವರ ಕಾಗದವೆಂದು ಎದ್ದು ನಿಂತಿದ್ದು ಒಬ್ಬನೇ, ನಮ್ಮ ಊರಿನ ಗಾಡಿ ರಿಪೇರಿಯವನು; ಅವನ ಚಿಕ್ಕಮ್ಮ ಮೇರಿಲ್ಯಾಂಡಿನಲ್ಲಿ ಸಿಕ್ಕಿದಳು.

ನನ್ನ ಕಾಗದವನ್ನೂ ಇಂದು ಬರೆದೆ. ನನ್ನ ಮಗಳು ಟೆನ್ನಿಗಾಗಿ. ಹದಿನೈದು ವರ್ಷವಾಯಿತು. ಅವಳಿಗೆ ಆಗ ಏಳು. ನಾನು ಮಹಡಿಯ ಮೇಲೆ ಒಡೆಯನ ಮಗಳ ಮದುವೆಯ ಬಟ್ಟೆ ಹೊಲಿಯುತ್ತಿದ್ದೆ. ಕೆಳಗೆ ಬಂಡಿಯ ಸದ್ದು ಕೇಳಿತು. ದಾರ ಕಡಿದು ಎದ್ದು ಬರುವಷ್ಟರಲ್ಲಿ ಬಂಡಿ ಗೇಟು ದಾಟಿತ್ತು. ಜಾರ್ಜಿಯಾದ ವ್ಯಾಪಾರಿ ಎಂದು ಮಾತ್ರ ಆಮೇಲೆ ತಿಳಿಯಿತು. ಆ ಮದುವೆಯ ಬಟ್ಟೆಯನ್ನು ಅದೇ ವಾರ ಹೊಲಿದು ಮುಗಿಸಿಕೊಟ್ಟೆ. ಇದನ್ನು ಯಾರಿಗೂ ಹೇಳಿಲ್ಲ.

ಕಾಗದ ತಿದ್ದಲು ಮಿಸ್ ವಿಟ್ಕಮ್ ಅವರಿಗೆ ಕೊಟ್ಟೆ. ಓದಿ ಹುಬ್ಬು ಗಂಟಿಕ್ಕಿದರು.

“ಕೆಜಾಯಾ, ನಿನ್ನ ಹಳೇ ಹೆಸರೇ ಇಲ್ಲವಲ್ಲ ಇದರಲ್ಲಿ. ಒಡೆಯರ ಹೆಸರೂ ಇಲ್ಲ. ಬೇರೆಯವರ ಕಾಗದದಲ್ಲೆಲ್ಲ ನೀನೇ ಬರೀತೀಯಲ್ಲ?”

“ಅದು ಅವರ ಕಾಗದ, ಮಿಸ್. ಇದು ನಂದು.”

“ಮಗಳಿಗೆ ಗೊತ್ತಾಗೋದು ಹೇಗೆ? ಅವಳ ಪಾಲಿಗೆ ಕೆಜಾಯಾ ಜೋರ್ಡನ್ ಅನ್ನೋರು ಯಾರೋ.”

“ತಾಯಿ ಯಾರು ಅಂತ ಮಗಳಿಗೆ ಕುದುರೆ ಹೆಸರು ಹೇಳಿ ಗುರುತು ಹಿಡಿಸಬೇಕಾ?”

ಅವರು ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಉತ್ತರದ ಊರಿನಿಂದ ಬಂದವರು, ಒಳ್ಳೆಯವರು. ಆದರೆ ನಾಯಿಯನ್ನೋ ಕುದುರೆಯನ್ನೋ ಕರೆದ ಹಾಗೆ ಅವರನ್ನು ಯಾರೂ ಯಾವತ್ತೂ ಕರೆದಿಲ್ಲ. ಕಾಗದವನ್ನು ಇದ್ದ ಹಾಗೆಯೇ ಕಳುಹಿಸಿದೆ.

ಮೇ ೧೯, ಭಾನುವಾರ

ಶುಕ್ರವಾರ ಇಬ್ಬರು ಬಿಳಿಯರು ಕುದುರೆಯ ಮೇಲೆ ಬಂದು ಶಾಲೆ ನಡೆಸುವವಳು ಯಾರು ಎಂದು ವಿಚಾರಿಸಿದರಂತೆ. ಎದುರಿಗೆ ಸಿಕ್ಕಿದ್ದು ಕೇಟೋ ತಾತ. ಕಿವಿ ಕೇಳದವನ ಹಾಗೆ ಕೈ ಅಡ್ಡ ಇಟ್ಟುಕೊಂಡು, “ಮೇಕೆ ಮಾರಲ್ಲ ಸ್ವಾಮಿ” ಎಂದನಂತೆ. ಮೂರು ಸಲ ಕೇಳಿದರೂ ಮೇಕೆಯದೇ ಮಾತು. ಬೈದುಕೊಂಡು ಹೋದರು. ಪಕ್ಕದ ತಾಲೂಕಿನಲ್ಲಿ ಹೀಗೆ ವಿಚಾರಿಸಿ ಹೋದ ವಾರಕ್ಕೆ ಶಾಲೆಗೆ ಬೆಂಕಿ ಬಿತ್ತು.

ಇಂದು ಚರ್ಚಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಹಳೆಯ ಹೆಸರು ಹಿಡಿದು ಯಾರನ್ನಾದರೂ ಕೇಳಿಕೊಂಡು ಬಂದವರು ಯಾರೇ ಆಗಲಿ, ಬಿಳಿಯರಾಗಲಿ ಅವರ ಕೆಲಸದವರಾಗಲಿ, ಒಂದೇ ಉತ್ತರ: ನಮ್ಮಲ್ಲಿ ಆ ಹೆಸರಿನವರು ಯಾರೂ ಇಲ್ಲ. ಸುಳ್ಳೂ ಅಲ್ಲ, ಪಾಪವೂ ಇಲ್ಲ. ಮಕ್ಕಳಿಗೆ ಪಾಠ ಹೇಳಿಕೊಟ್ಟ ಹಾಗೆ ಮೂರು ಸಲ ಎಲ್ಲರ ಬಾಯಲ್ಲೂ ಹೇಳಿಸಿದೆ. ವೈನಿ ತಡವರಿಸಿದಳು. ಅವಳಿಗೆ ಇನ್ನೆರಡು ಸಲ ಹೇಳಿಸಿದೆ.

ಜೂನ್ ೨೩, ಭಾನುವಾರ

ಮುಂದಿನ ತಿಂಗಳು ನಮ್ಮ ಗಂಡಸರು ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಈ ಮಾತನ್ನು ಬರೆಯುವಾಗ ಶಾಯಿ ಚೆಲ್ಲಿತು.

ಪಟ್ಟಿಯಲ್ಲಿ ಆ ಮನೆಯ ಹೆಸರು ಒಬ್ಬನ ಹಿಂದೆಯೂ ಇರಬಾರದು ಎಂದು ಪಟ್ಟು ಹಿಡಿದೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೊಸ ಮನೆತನದ ಹೆಸರು ಆರಿಸಿ ಚೀಟಿ ಬರೆದುಕೊಟ್ಟೆ. ಕೇಟೋ ತಾತ ಮಾತ್ರ ರೊಳ್ಳೆ ತೆಗೆದ.

“ಆ ಕಾಡು ಕಡಿದಿದ್ದು ನಾನು. ಕಲ್ಲು ಎತ್ತಿದ್ದು ನಾನು. ಅವನೇನು ಮಾಡ್ದ, ವರಾಂಡದಲ್ಲಿ ಕೂತು ಮಜ್ಜಿಗೆ ಕುಡ್ದ. ಆ ಹೆಸ್ರು ಅವನಿಗಿಂತ ನಂದೇ ಜಾಸ್ತಿ ಕಣಮ್ಮ.”

“ಹಾಗಾದ್ರೆ ಚಾಟಿ ಏಟಿನ ಗುರುತೂ ನಿಂದೇ, ಅದನ್ನೂ ಪಟ್ಟೀಲಿ ಬರೆಸ್ತೀಯಾ?”

ಮುದುಕ ತಲೆ ತಗ್ಗಿಸಿದ. ನಾನು ಮೋಸಸ್ ಎಂದು ಬರೆದುಕೊಟ್ಟೆ, ಗುಲಾಮರನ್ನು ಬಿಡಿಸಿ ಮರಳುಗಾಡಿನಲ್ಲಿ ನಡೆಸಿದ ಬೈಬಲಿನವನ ಹೆಸರು.

“ಮೋಸಸ್ಸಾ? ಇನ್ನೊಂದ್ ನಲವತ್ತು ವರ್ಷ ಮರಳುಗಾಡಲ್ಲಿ ಅಲೀಬೇಕು ಅನ್ನು” ಎಂದು ಗೊಣಗಿಕೊಂಡು ಚೀಟಿಯನ್ನು ಟೋಪಿಯೊಳಗೆ ಇಟ್ಟುಕೊಂಡ.

ಜುಲೈ ೧೩, ಶನಿವಾರ

ಈ ದಿನವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಬೆಳಕು ಹರಿಯುತ್ತಲೇ ಊರಿಗೆ ಊರೇ ಪೇಟೆಗೆ ಹೊರಟಿತು. ಗಂಡಸರು ಮುಂದೆ, ನಾವು ಹೆಂಗಸರು ಜೋಳದ ರೊಟ್ಟಿ, ಸುಟ್ಟ ಗೆಣಸು ಕಟ್ಟಿಕೊಂಡು ಹಿಂದೆ. ಬಾಯಲ್ಲಿ ಹಾಡು. ವೈನಿ ಒಬ್ಬಳು ಬರಲಿಲ್ಲ. ಹೋಟೆಲಿನವರ ಹಾಸು ಬಟ್ಟೆ ಸಂಜೆಗೆ ಕೊಡಬೇಕಿತ್ತು. ಕಚೇರಿಯಲ್ಲಿ ಮೇಜಿನ ಹಿಂದೆ ಕುಳಿತಿದ್ದ ಮೂವರಲ್ಲಿ ಒಬ್ಬ ನಮ್ಮ ಬಣ್ಣದವನು! ಹೆಂಗಸರನ್ನು ಒಳಗೆ ಬಿಡಲಿಲ್ಲ. ಹೊರಗೆ ಮರದ ಕೆಳಗೆ ನಿಂತು, ತೆರೆದ ಕಿಟಕಿಯಿಂದ ಬರುವ ಹೆಸರುಗಳನ್ನು ಕೇಳಿದೆವು. ನಾನು ಬರೆದುಕೊಟ್ಟ ಹೆಸರುಗಳು. ಒಂದೊಂದು ಕೂಗಿದಾಗಲೂ ನನ್ನ ಹೊಟ್ಟೆಯಲ್ಲೇ ಹುಟ್ಟಿದ ಹಾಗೆ ಅನಿಸಿತು. ಕೇಟೋ ತಾತ ಹೊರಗೆ ಬಂದವನು ದೊಣ್ಣೆಯನ್ನು ಒಳಗೇ ಮರೆತಿದ್ದ.

“ಪ್ರಮಾಣ ಮಾಡೋಕೆ ಕೈ ಎತ್ತು ಅಂದ್ರು, ಎತ್ದೆ. ಎಪ್ಪತ್ತು ವರ್ಷದಲ್ಲಿ ಏಟು ತಡೆಯೋಕಲ್ದೆ ಕೈ ಎತ್ತಿದ್ದು ಇವತ್ತೇ ಕಣಮ್ಮ” ಎಂದ.

ನಾವೆಲ್ಲ ಅತ್ತೆವು. ಆನಂದಕ್ಕೂ ಅಳು ಬರುತ್ತದೆ ಎಂದು ಜನ ಹೇಳುವುದು ನಿಜ.

ಸಂಜೆ ತೊರೆ ದಾಟುವಾಗ ವೈನಿ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಮುಖ ಅರಳಿತ್ತು.

“ಅಕ್ಕಾ, ಇನ್ಮೇಲೆ ಪೊರಕೆ ನನ್ನ ಕೈಗೆ ಕೊಟ್ರೆ ಕೇಳು! ಮಧ್ಯಾಹ್ನ ಒಂದು ಬಿಳೀರ ಬಂಡಿ ಬಂತು. ಒಬ್ಬಳು ಹೆಂಗ್ಸು ಇಳಿದು ಬಂದು ನಿನ್ನ ಹಳೇ ಹೆಸ್ರು, ಆ ಮನೆ ಹೆಸ್ರು, ಎರಡೂ ಸೇರಿಸಿ ಕೇಳಿದ್ಲು. ನಾನು ತಲೇನೇ ಎತ್ಲಿಲ್ಲ. ‘ನಮ್ಮಲ್ಲಿ ಆ ಹೆಸರಿನವರು ಯಾರೂ ಇಲ್ಲ’ ಅಂದೆ. ನೀನು ಹೇಳ್ಕೊಟ್ಟಂಗೇ, ಒಂದಕ್ಷರ ತಪ್ಪಿಲ್ಲ!”

“ನಮ್ಮವಳೋ, ಬಿಳಿಯಳೋ?”

“ನಮ್ಮವಳೇ. ಅವರ ಮನೆ ಕೆಲಸದವಳು. ಬಂಡಿ ಒಳಗಿಂದ ಅಮ್ಮಾವ್ರು ಕೂಗಿದ್ರು, ಓಡಿ ಹೋದ್ಲು.”

ಶಾಲೆಯ ಮೇಲೆ ಕಣ್ಣಿಟ್ಟವರು ಈಗ ನಮ್ಮವರನ್ನೇ ಕಳುಹಿಸಿ ವಿಚಾರಿಸುತ್ತಿದ್ದಾರೆ ಎಂದೆ. ವೈನಿಯ ಬೆನ್ನು ತಟ್ಟಿ ನನ್ನ ಪಾಲಿನ ಗೆಣಸನ್ನು ಅವಳಿಗೆ ಕೊಟ್ಟೆ. ಅಂತೂ ಕಲಿತಳು.

ಜುಲೈ ೧೪, ಭಾನುವಾರ

ಚರ್ಚಿನಲ್ಲಿ ವೈನಿಯನ್ನು ಎಲ್ಲರ ಮುಂದೆ ಹೊಗಳಿದೆ. ಜನ ಚಪ್ಪಾಳೆ ತಟ್ಟಿದರು. ಅವಳು ನಾಚಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು.

ಆಗಸ್ಟ್ ೨೦

ಬಿಸಿಲು. ದೊಡ್ಡ ಮಕ್ಕಳೆಲ್ಲ ಹತ್ತಿ ಬಿಡಿಸಲು ಹೋಗಿದ್ದಾರೆ. ಪತ್ರಿಕೆಗೆ ಬರೆದ ನನ್ನ ಕಾಗದಕ್ಕೆ ಉತ್ತರವಿಲ್ಲ. ನಾಲ್ಕು ತಿಂಗಳಾಯಿತು. ಈಗ ಅವಳಿಗೆ ಇಪ್ಪತ್ತೆರಡು ಎಂದು ಗೊತ್ತು, ಆದರೂ ಕಣ್ಣು ಮುಚ್ಚಿದರೆ ಏಳು ವರ್ಷದವಳೇ ಬರುತ್ತಾಳೆ.

ಸೆಪ್ಟೆಂಬರ್ ೨೯, ಭಾನುವಾರ

ಇಂದು ಪತ್ರಿಕೆಯಲ್ಲಿ ಏಳು ಕಾಗದ ಇದ್ದವು. ನಾಲ್ಕು ಓದಿದೆ. ಐದನೆಯದನ್ನು ಇಲ್ಲಿ ಇದ್ದಂತೆಯೇ ಬರೆದಿಡುತ್ತೇನೆ.

‘ಸಂಪಾದಕರಿಗೆ, ನನ್ನ ಅವ್ವನ ವಿಷಯ ವಿಚಾರಿಸಬೇಕಾಗಿದೆ. ಅವಳ ಹೆಸರು ಬೆಸ್. ಅಲಬಾಮಾದಲ್ಲಿ ಬ್ಲೆಡ್ಸೋ ಎಂಬುವವರ ಆಳಾಗಿದ್ದಳು. ಹೊಲಿಗೆ ಕೆಲಸ ಮಾಡುತ್ತಿದ್ದಳು. ನನ್ನ ಹೆಸರು ಟೆನ್ನಿ. ಏಳು ವರ್ಷದವಳಿದ್ದಾಗ ನನ್ನನ್ನು ಜಾರ್ಜಿಯಾಕ್ಕೆ ಮಾರಿದರು. ನಾನು ಕೆಲಸಕ್ಕಿರುವ ಮನೆಯವರು ಟೆಕ್ಸಾಸಿಗೆ ಹೊರಟಿದ್ದು, ಕಳೆದ ಜುಲೈ ತಿಂಗಳಲ್ಲಿ ಆ ದಾರಿಯಲ್ಲೇ ಬಂದೆವು. ತೋಟದ ಮನೆ ಸುಟ್ಟಿತ್ತು. ಅಲ್ಲಿಯ ಜನ ತೊರೆಯ ಬಳಿ ಇದ್ದಾರೆಂದು ತಿಳಿದು ಅಲ್ಲಿಗೆ ಹೋಗಿ ಕೇಳಿದೆ. ಆ ಹೆಸರಿನವರು ಯಾರೂ ಇಲ್ಲ ಎಂದರು. ಅವ್ವ ಬದುಕಿಲ್ಲ ಎಂದು ನನಗೆ ಖಾತ್ರಿಯಾಯಿತು. ಅವಳನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಎಂದು ಬಲ್ಲವರು ಶ್ರೀವ್‌ಪೋರ್ಟಿನ ಪಾದ್ರಿ ಗಿಡಿಯನ್ ಪೂಲ್ ಅವರಿಗೆ ತಿಳಿಸಬೇಕಾಗಿ ಬೇಡಿಕೊಳ್ಳುತ್ತೇನೆ. ದಯವಿಟ್ಟು ಎಲ್ಲ ಚರ್ಚುಗಳಲ್ಲಿ ಓದಿ ಹೇಳಿ.’

‘ಬೆಸ್’ ಎನ್ನುವಾಗಲೇ ನನಗೆ ತಿಳಿಯಿತು. ಆದರೆ ಬಾಯಿ ನಿಲ್ಲಲಿಲ್ಲ. ಕೊನೆಯವರೆಗೂ ಓದಿದೆ, ಸ್ಪಷ್ಟವಾಗಿ, ಹಿಂದೆ ಕೂತವರಿಗೂ ಕೇಳುವ ಹಾಗೆ.

ಸೆಪ್ಟೆಂಬರ್ ೩೦

ಪಾದ್ರಿ ಎಲ್ಬರ್ಟ್ ನನ್ನ ಹೆಸರಿನಲ್ಲಿ ಶ್ರೀವ್‌ಪೋರ್ಟಿಗೆ ಕಾಗದ ಬರೆದು ಇಂದೇ ಕಳುಹಿಸಿದರು. ನನ್ನ ಕೈಯಲ್ಲಿ ಅಕ್ಷರ ಮೂಡಲಿಲ್ಲ.

ಅಕ್ಟೋಬರ್ ೨

ವೈನಿ ಮೂರು ದಿನದಿಂದ ನನ್ನ ಗುಡಿಸಲಿನ ಹೊರಗೆ ಕೂತಿದ್ದಾಳೆ. ಇಂದು ಒಳಗೆ ಕರೆದೆ. ಬಾಗಿಲ ಒಳಗೆ ಬಂದು ನೆಲದ ಮೇಲೆ ಕುಳಿತಳು.

“ಹೊಡಿ ಅಕ್ಕ” ಎಂದಳು.

ನಾನು ಬಾಗಿಲು ಹಾಕಿದೆ.

“ನಂಗೆ ಗೊತ್ತಿತ್ತಾ ಅಕ್ಕ? ಟೆನ್ನಿ ಅಂದ್ರೆ ನನ್ನ ಕಣ್ಣಿಗೆ ಇಷ್ಟುದ್ದ ಹುಡುಗಿ. ಬಂದಿದ್ದೋಳು ದೊಡ್ಡ ಹೆಂಗ್ಸು. ಇನ್ನೇನೋ ಹೇಳೋಕೆ ಬಾಯಿ ತೆಗೆದ್ಲು. ನಾನು ಕೋಲು ತಗೊಂಡು ಬಟ್ಟೆ ಬಡಿಯೋಕೆ ಶುರು ಮಾಡ್ದೆ. ಸದ್ದಲ್ಲಿ ಕೇಳಿಸ್ಲಿಲ್ಲ. ಕೇಳಿಸ್ಬಾರ್ದು ಅಂತಲೇ ಬಡಿದೆ. ನೀನೇ ಹೇಳ್ಕೊಟ್ಟಿದ್ದಲ್ವಾ, ಯಾರೇ ಬರ್ಲಿ ಅಂತ…”

“ಏನು ಉಟ್ಟಿದ್ಲು?” ಎಂದು ಕೇಳಿದೆ.

“ನೀಲಿ ಲಂಗ. ಹಳೇದು. ಆದ್ರೆ ಒಗೆದಿದ್ದು ಚೆನ್ನಾಗಿತ್ತು, ನೀಲ ಹಾಕಿ ಒಗೆದಿದ್ಲು.”

“ಎತ್ತರ?”

“ನಿನ್ನಷ್ಟೇ. ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ಲು, ನೀನು ನಿಲ್ಲಲ್ವಾ, ಹಂಗೇ. ಮುಖ ನೋಡ್ಲಿಲ್ಲಕ್ಕ. ನೋಡಿದ್ರೆ ಗುರುತು ಸಿಕ್ತಿತ್ತು. ನಾನು ಯಾಕೆ ತಲೆ ಎತ್ಲಿಲ್ಲ? ಯಾಕೆ ಎತ್ಲಿಲ್ಲ ನಾನು?”

ಅವಳು ಎದೆ ಬಡಿದುಕೊಂಡು ಅತ್ತಳು. ನಾನು ಎದ್ದು ಹೋಗು ಎಂದೆ. ಅವಳ ಮುಖ ನೋಡಲು ನನ್ನಿಂದ ಆಗುವುದಿಲ್ಲ. ತಪ್ಪು ಅವಳದಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದೇ ಕಷ್ಟ. ಅವಳದಾಗಿದ್ದರೆ ಕೂಗಾಡಬಹುದಿತ್ತು.

ಅಕ್ಟೋಬರ್ ೬, ಭಾನುವಾರ

ಪತ್ರಿಕೆಗೆ ಹೊಸದಾಗಿ ಬರೆದೆ. ‘ಬ್ಲೆಡ್ಸೋ ತೋಟದ ಹೊಲಿಗೆಯ ಬೆಸ್ ಬದುಕಿದ್ದಾಳೆ. ಮಗಳು ಟೆನ್ನಿ ಎಲ್ಲಿದ್ದರೂ ತಿಳಿಯಬೇಕು. ತೊರೆಯ ಬಳಿ ನಿನಗೆ ಹೇಳಿದ್ದು ಸುಳ್ಳು. ಬಾ, ಅಥವಾ ಇರುವಲ್ಲಿಂದ ಹೇಳಿಕಳುಹಿಸು, ನಾನೇ ಬರುತ್ತೇನೆ.’ ಸುಳ್ಳೂ ಅಲ್ಲ ಪಾಪವೂ ಇಲ್ಲ ಎಂದು ನಾನೇ ಹೇಳಿದ್ದೆ.

ಚರ್ಚಿನಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ ಪೊರಕೆ ತೆಗೆದುಕೊಂಡು ನೆಲ ಗುಡಿಸಿದೆ. ನಿಯಮ ನಿಯಮವೇ. ಪಾದ್ರಿ ಬೇಡ ಬೇಡ ಎನ್ನುತ್ತ ಹಿಂದೆ ಬಂದರು. ಯಾರೂ ಮನೆಗೆ ಹೋಗದೆ ನಾನು ಗುಡಿಸಿ ಮುಗಿಸುವವರೆಗೂ ಕೂತೇ ಇದ್ದರು.

ನವೆಂಬರ್ ೧೭, ಭಾನುವಾರ

ಶ್ರೀವ್‌ಪೋರ್ಟಿನ ಪಾದ್ರಿಯ ಉತ್ತರ ಬಂತು. ಆ ಹುಡುಗಿ ಅವರ ಚರ್ಚಿಗೆ ಬಂದದ್ದು ಆಗಸ್ಟಿನ ಒಂದೇ ಭಾನುವಾರ. ಅದೇ ವಾರದ ಬುಧವಾರ ಮನೆಯವರು ಪಶ್ಚಿಮಕ್ಕೆ ಹೊರಟರು. ಯಜಮಾನನ ಹೆಸರು ಕೇಳಿದ್ದೆ, ಈಗ ನೆನಪಿಗೆ ಬರುತ್ತಿಲ್ಲ, ಕ್ಷಮಿಸಬೇಕು ಎಂದು ಬರೆದಿದ್ದಾರೆ. ಟೆಕ್ಸಾಸಿನ ಊರುಗಳಲ್ಲಿ ಈ ಶರತ್ಕಾಲ ಹಳದಿ ಜ್ವರ ಬಹಳ ಜನರನ್ನು ತೆಗೆದುಕೊಂಡಿದೆ, ದೇವರು ಅವಳನ್ನು ಕಾಪಾಡಿರಲಿ ಎಂದೂ ಬರೆದಿದ್ದಾರೆ.

ಕೊನೆಯಲ್ಲಿ ಇನ್ನೊಂದು ಮಾತಿದೆ. ಅವ್ವ ತೀರಿಕೊಂಡಳು ಎಂದು ಹೇಳಿ ಅವಳು ಅಂದು ನನ್ನ ಹೆಸರಿನಲ್ಲಿ ಸಾವಿನ ಹಾಡು ಹಾಡಿಸಿದಳಂತೆ. ಇಡೀ ಸಭೆ ಎದ್ದು ನಿಂತು ಹಾಡಿತಂತೆ. ಹಾಡು ಮುಗಿದರೂ ಅವಳು ಕೂರಲಿಲ್ಲವಂತೆ.

ಅಂದು ಆಗಸ್ಟಿನಲ್ಲಿ ನಾನು ಇಲ್ಲಿ ಬಿಸಿಲೆಂದು ಗೊಣಗುತ್ತಿದ್ದೆ.

ಡಿಸೆಂಬರ್ ೯

ಬಟ್ಟೆ ಒಗೆಯುವುದಿತ್ತು, ತೊರೆಗೆ ಹೋಗಿದ್ದೆ. ವೈನಿ ಅಲ್ಲೇ ಇದ್ದಳು. ಚಳಿಗೆ ನೀರು ಕೊರೆಯುತ್ತಿತ್ತು. ಹಂಡೆಯ ಬಿಸಿನೀರಿನಲ್ಲಿ ಅರ್ಧ ನನ್ನ ಕಡೆಗೆ ಸುರಿದಳು. ಇಬ್ಬರೂ ಜೊತೆಯಲ್ಲೇ ಒಗೆದೆವು.

ಡಿಸೆಂಬರ್ ೧೨

ತೊರೆಗೆ ಹೋಗಿದ್ದೆ. ದಾರಿಯಲ್ಲಿ ಎರಡು ಬಂಡಿ ಹೋದವು. ಎರಡೂ ನಿಲ್ಲಲಿಲ್ಲ.

ಮಾರ್ಚ್ ೪, ೧೮೬೮

ಶಾಲೆ ಮುಗಿಸಿ ತೊರೆಗೆ ಹೋದೆ. ಇತ್ತೀಚೆಗೆ ಅಲ್ಲಿಯೇ ಹೊಲಿಗೆ ಹಿಡಿದು ಕೂರುತ್ತೇನೆ, ಬೆಳಕು ಚೆನ್ನಾಗಿರುತ್ತದೆ. ಬಂಡಿಗಳನ್ನು ವೈನಿಯೇ ನಿಲ್ಲಿಸಿ ಮಾತಾಡಿಸುತ್ತಾಳೆ. “ಅಣ್ಣಾ, ಟೆಕ್ಸಾಸಿನ ಕಡೆ ಹೊರಟ್ರಾ? ಟೆನ್ನಿ ಅಂತ ಯಾರಾದ್ರೂ ಸಿಕ್ಕಿದ್ರೆ, ಬ್ಲೆಡ್ಸೋ ಬೆಸ್ ಬದುಕಿದ್ದಾಳೆ ಅನ್ನಿ.” ಬಿಳಿಯರಿಗೂ ಹೇಳುತ್ತಾಳೆ. ಕೆಲವರು ನಗುತ್ತಾರೆ, ಕೆಲವರು ಟೋಪಿ ಮುಟ್ಟಿ ಆಯ್ತು ಎನ್ನುತ್ತಾರೆ. ಈಗ ಊರಿನ ಎಳೆಯ ಮಕ್ಕಳೂ ನನ್ನನ್ನು ಬೆಸ್ ಅಜ್ಜಿ ಎನ್ನುತ್ತವೆ.

ಇಂದು ಕೇಟೋ ತಾತ ಒಂದು ಹಲಗೆ ಹೊತ್ತು ತಂದ. ಚೆನ್ನಾಗಿ ಉಜ್ಜಿ ನಯ ಮಾಡಿದ್ದ.

“ಇದ್ರಲ್ಲಿ ಬರಿಯಮ್ಮ. ಕೇಟೋ ಮೋಸಸ್, ಪಕ್ಕದಲ್ಲಿ ಕೇಟೋ ಬ್ಲೆಡ್ಸೋ. ಎರಡೂ. ಚರ್ಚಿನ ಬಾಗ್ಲಿಗೆ ಹೊಡಿಯಣ. ನನ್ನ ತಮ್ಮ ಯಾವತ್ತಾದ್ರೂ ಬಂದ್ರೆ ಓದೋರ್ ಹತ್ರ ಓದಿಸ್ಕೊತಾನೆ.”

ಅವನಿಗೊಬ್ಬ ತಮ್ಮನಿದ್ದ ಎಂದೇ ನಾನು ಕೇಳಿರಲಿಲ್ಲ. ಚೀಟಿ ಬರೆಯುವ ದಿನ ನಾನು ಚಾಟಿ ಏಟಿನ ಮಾತಾಡಿ ಅವನ ಬಾಯಿ ಮುಚ್ಚಿಸಿದ್ದೆ. ಇದನ್ನು ಹೇಳಿ ಕ್ಷಮಿಸು ಎಂದೆ. “ಹೋಗ್ಲಿ ಬಿಡು, ಬರಿ” ಎಂದ. ಸಂಜೆಯೊಳಗೆ ಹಲಗೆ ತುಂಬಿತು. ಇನ್ನೊಂದು ಹಲಗೆ ಬೇಕಾಯಿತು.

ಜುಲೈ ೧೩, ೧೮೬೯

ಎರಡು ವರ್ಷ.

ಜುಲೈ ೧೨, ೧೮೭೦, ಮಂಗಳವಾರ

ಇಂದು ಸರ್ಕಾರದ ಜನಗಣತಿಯವನು ಬಂದಿದ್ದ. ಪೇಟೆಯ ಔಷಧಿ ಅಂಗಡಿಯ ಗುಮಾಸ್ತ, ಬಿಳಿ ಹುಡುಗ, ಕುತ್ತಿಗೆಯೆಲ್ಲ ಬೆವೆತಿತ್ತು. ದೊಡ್ಡ ಹಾಳೆಯ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಮನೆ ಮನೆಯಲ್ಲೂ ಕೂತು ಬರೆದ. ಊರೆಲ್ಲ ಅವನ ಹಿಂದೆಯೇ ಸುತ್ತುತ್ತಿತ್ತು. ಹತ್ತು ವರ್ಷದ ಹಿಂದೆ ತೋಟದ ಮನೆಯಲ್ಲೂ ಇದೇ ಗಣತಿ ನಡೆದಿತ್ತು. ಹೊಲಿಗೆಗೆಂದು ಒಳಗೆ ಕೂತಿದ್ದ ನಾನು ಕಿವಿಯಾರೆ ಕೇಳಿದ್ದೆ. ಒಡೆಯ ತನ್ನ ಹೆಸರು ಬರೆಸಿ, ಅದರ ಕೆಳಗೆ ನಮ್ಮನ್ನು ಬರೆಸಿದ: ಹೆಣ್ಣು, ಕಪ್ಪು, ಮೂವತ್ತಮೂರು. ಗಂಡು, ಕಪ್ಪು, ಅರವತ್ತಮೂರು. ಅಷ್ಟೇ. ಹೆಸರನ್ನು ಅವನೂ ಹೇಳಲಿಲ್ಲ, ಬರೆಯುವವನೂ ಕೇಳಲಿಲ್ಲ. ಈ ಸಲ ನಮ್ಮನ್ನೇ ಕೇಳುತ್ತಾರೆ.

ನನ್ನ ಬಾಗಿಲಿಗೆ ಬಂದಾಗ ಕೇಟೋ ತಾತನೂ ವೈನಿಯೂ ಮೆಟ್ಟಿಲ ಮೇಲೆ ಕೂತಿದ್ದರು.

“ಹೆಸರು?”

“ಬೆಸ್ ಬ್ಲೆಡ್ಸೋ.”

ಕೇಟೋ ತಾತ ತಿರುಗಿ ನೋಡಿದ. “ಇದು ಸರ್ಕಾರದ ಪುಸ್ತಕ ಕಣಮ್ಮ. ಹಲಗೆ ಅಲ್ಲ. ಅಳಿಸೋಕಾಗಲ್ಲ. ನಿನ್ನ ಚೆಂದದ ಹೆಸ್ರು ಬರೆಸು.”

“ಸರ್ಕಾರದ ಪುಸ್ತಕ ಟೆಕ್ಸಾಸಿನವರೆಗೂ ಹೋಗ್ತದೆ ತಾತ” ಎಂದೆ. “ಬರ್ಕೊಳ್ಳಿ ಸ್ವಾಮಿ. ಬೆಸ್ ಬ್ಲೆಡ್ಸೋ. ನಲವತ್ತಮೂರು. ಮಕ್ಕಳಿಗೆ ಪಾಠ ಹೇಳ್ತೀನಿ.”

ಅವನು ಬರೆದ. ಓದಲು ಬರುತ್ತದೆಯೇ ಎಂದು ಕೇಳಿದ, ಬರುತ್ತದೆ ಎಂದೆ. ಬರೆಯಲು? ಬರುತ್ತದೆ.

“ಮನೇಲಿ ಇನ್ಯಾರಿದ್ದಾರೆ?”

“ಮಗಳು. ಟೆನ್ನಿ ಬ್ಲೆಡ್ಸೋ. ಇಪ್ಪತ್ತೈದು.”

ವೈನಿ ನನ್ನ ಲಂಗದ ಅಂಚು ಹಿಡಿದುಕೊಂಡಳು. ಹುಡುಗ ತಲೆ ಎತ್ತಿ ಗುಡಿಸಲಿನೊಳಗೆ ಇಣುಕಿದ. ಒಂದೇ ಮಂಚ, ಒಂದೇ ತಟ್ಟೆ.

“ಎಲ್ಲಿ ಅವಳು?”

“ದಾರೀಲಿದ್ದಾಳೆ.”

ಅವನು ಏನು ಅಂದುಕೊಂಡನೋ. ಬಿಸಿಲಿತ್ತು, ಇನ್ನೂ ಹನ್ನೆರಡು ಮನೆ ಬಾಕಿ ಇತ್ತು. ಬರೆದುಕೊಂಡ. ನನ್ನ ಹೆಸರಿನ ಕೆಳಗಿನ ಸಾಲಿನಲ್ಲೇ ಅವಳ ಹೆಸರು ಮೂಡುವುದನ್ನು ನಾನು ತಲೆಕೆಳಗಾಗಿಯೇ ಓದಿದೆ. ಹದಿನೆಂಟು ವರ್ಷದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು.

“ಹುಟ್ಟಿದ್ದು?”

“ಅಲಬಾಮಾ.”

“ಅವಳಿಗೆ ಓದೋಕೆ ಬರುತ್ತಾ?”

ಲೇಖನಿ ಹಿಡಿದು ಕಾಯುತ್ತ ಕೂತ. ಈ ಊರಿನಲ್ಲಿ ಓದು ಬಲ್ಲವರ ಪೈಕಿ ಅರ್ಧಕ್ಕರ್ಧ ಜನಕ್ಕೆ ಅಕ್ಷರ ತಿದ್ದಿಸಿದವಳು ನಾನು. ಯಾರಿಗೆ ಯಾವ ಅಕ್ಷರ ತಪ್ಪುತ್ತದೆ ಎಂಬುದೂ ನನಗೆ ಬಾಯಿಪಾಠ.

“ಅಮ್ಮಾ, ಮಗಳಿಗೆ ಓದೋಕೆ ಬರುತ್ತಾ?” ಎಂದು ಅವನು ಮತ್ತೆ ಕೇಳಿದ.

ನನಗೆ ಗೊತ್ತಿಲ್ಲ ಎಂದೆ.